ವಿಮಾನಕ್ಕೆ ನೀರು ಕುಡಿಸಿದವರು

ಈ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಒಂದನ್ನು ಮಿಕ್ಕವುಗಳ ಜೊತೆಗೆ ಕಟ್ಟಿಡಲು ಮನಸ್ಸು ಬಾರದೆ, ಈ ಸಲದ ಪುಟಗಳನ್ನೆಲ್ಲ ಅದಕ್ಕೇ ಮೀಸಲಿಡುತ್ತಿರುವೆವು. ಬರೆದವರು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಗೃಹಿಣಿಯವರು. ತಮ್ಮ ಹೆಸರನ್ನು ಅಚ್ಚುಮಾಡಬಾರದೆಂದು ಕೇಳಿಕೊಂಡಿದ್ದಾರೆ. ಅವರ ಯಜಮಾನರ ತಾತನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗರಾಗಿದ್ದಾಗ, ಮನೆಯವರಿಗೆ ಹೇಳದೆ ಬೆಂಗಳೂರಿಗೆ ಹೊರಟುಹೋಗಿ ಯಲಹಂಕದ ವಿಮಾನದ ಬಯಲಿನಲ್ಲಿ ಕೂಲಿಗೆ ಸೇರಿದರಂತೆ. ಯುದ್ಧ ಮುಗಿದು ಊರಿಗೆ ಹಿಂದಿರುಗಿದ ಮೇಲೆ ಜಗಲಿಯಲ್ಲಿ ಕುಳಿತವರು, ‘ಅಲ್ಲಿ ನಿನಗೇನು ಕೆಲಸವಿತ್ತಪ್ಪಾ?’ ಎಂದು ಕೇಳಿದಾಗ, ‘ವಿಮಾನಕ್ಕೆ ನೀರು ಕುಡಿಸುತ್ತಿದ್ದೆ’ ಎಂದು ಹೇಳಿದರು. ಅಷ್ಟೇ ಸಾಕಾಯಿತು. ಎಣ್ಣೆಯಿಂದ ಓಡುವ ಯಂತ್ರಕ್ಕೆ ನೀರು ಕುಡಿಸುವುದುಂಟೆ, ಅದೇನು ಎತ್ತೇ, ಎಮ್ಮೆಯೇ ಎಂದು ಊರು ನಕ್ಕಿತು. ಇಂದಿಗೂ ಆ ಮನೆಗೆ ‘ನೀರ್ವಿಮಾನದವರ ಮನೆ’ ಎಂದೇ ಹೆಸರು.

ಇದು ಹಳೆಯ ಮಾತಾಯಿತು. ಹೊಸ ಮಾತು ಬೇರೆ ಇದೆ. ಆ ತಾಯಿಯ ಮಗನು ಶಾಲೆಯಲ್ಲಿ ‘ನಮ್ಮ ಮನೆಯ ಹಿರಿಯರು’ ಎಂಬ ಪ್ರಬಂಧದಲ್ಲಿ ಮುತ್ತಾತನ ಈ ಸಂಗತಿಯನ್ನು ಬರೆದನು. ತಿದ್ದಿ ಬಂದ ಪುಸ್ತಕದಲ್ಲಿ ಆ ಸಾಲಿನ ಮೇಲೆ ಕೆಂಪು ಗೆರೆ. ಅಂಚಿನಲ್ಲಿ, ‘ಸುಳ್ಳನ್ನು ಬರೆಯಬಾರದು.’ ಹುಡುಗನು ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ‘ಸತ್ತವರನ್ನು ಕೇಳುವ ಹಾಗಿಲ್ಲ. ನಮ್ಮ ಹಿರಿಯರು ಸುಳ್ಳುಗಾರರಾಗಿದ್ದರೇ, ಇಲ್ಲವೇ? ತಿಳಿದವರು ತಾವು ಹೇಳಬೇಕು’ ಎಂದು ಕಾಗದ ಮುಗಿಯುತ್ತದೆ.

ಹುಣಸೂರಿನಲ್ಲಿ ನಮಗೊಂದು ಕೆಲಸವಿದ್ದುದರಿಂದ ಹಾಗೆಯೇ ಮುಂದೆ ಹೋಗಿ ಆ ಮನೆಯನ್ನು ಕಂಡುಬಂದೆವು. ಹೊಗೆಸೊಪ್ಪನ್ನು ಬೇಯಿಸುವ ಕಾಲ. ದಾರಿಯುದ್ದಕ್ಕೂ ಬ್ಯಾರನ್ನುಗಳ ಕೊಳವೆಗಳಿಂದ ಹೊಗೆ ಏಳುತ್ತಿತ್ತು. ಆ ಮನೆಯ ಬ್ಯಾರನ್ನಿನ ಒಲೆಯ ಮುಂದೆ ತಾತನವರ ಮಗಳು, ಈಗ ಎಪ್ಪತ್ತು ದಾಟಿದ ಮುದುಕಿ, ಕುಳಿತಿದ್ದರು. ಅವರು ಹೇಳಿದ ಎರಡು ಮಾತುಗಳಿಂದ ನಮ್ಮ ಸಂದೇಹವೆಲ್ಲ ಅಲ್ಲಿಯೇ ನೀಗಿತು. ಒಂದು: ‘ಅದು ಬರೀ ನೀರಲ್ಲ ಕಣಪ್ಪಾ, ಘಮ್ಮನೆ ಸಾರಾಯಿಯ ಹಾಗೆ ವಾಸನೆ ಹೊಡೆಯುತ್ತಿತ್ತಂತೆ, ನಾಲಗೆಗೆ ಮುಟ್ಟಿಸಿದರೆ ಕಣ್ಣು ಹೋಗುತ್ತೆ ಅಂತ ದೊರೆಗಳು ಹೆದರಿಸಿದ್ದರಂತೆ.’ ಇನ್ನೊಂದು: ‘ಆ ವಿಮಾನದ ಮೂತಿ ಮಡಕೆಯ ಬಾಯಿಯ ಹಾಗೆ ದುಂಡಗೆ, ಹೊಟ್ಟೆ ಗರ್ಭಿಣಿಯ ಹಾಗೆ, ಅಂತಿದ್ದರು.’ ಇವೆರಡನ್ನೂ ಕಲ್ಪಿಸಿ ಹೇಳಲು ಆ ಕಾಲದ ಹಳ್ಳಿಯ ಹುಡುಗನಿಂದ ಸಾಧ್ಯವೇ ಇರಲಿಲ್ಲ. ಏಕೆಂಬುದನ್ನು ಹೇಳುವುದಕ್ಕೆ ಸ್ವಲ್ಪ ಸುತ್ತಿ ಬರಬೇಕಾಗಿದೆ. ವಾಚಕರು ತಾಳ್ಮೆಯಿಂದ ಜೊತೆಗೆ ಬರುವರಾಗಿ ನಂಬುವೆವು.

ಮೊದಲು ಊರಿನ ಸಂಗತಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದುದನ್ನು ಓದುಗರು ಬಲ್ಲರು. ಯುದ್ಧವು ಬರ್ಮಾದವರೆಗೆ ಬಂದಮೇಲೆ ಆ ಕಾರ್ಖಾನೆಯು ವಿಮಾನಗಳನ್ನು ಕಟ್ಟುವುದಕ್ಕಿಂತ ಕೆಟ್ಟ ವಿಮಾನಗಳನ್ನು ರಿಪೇರಿಮಾಡುವ ಆಸ್ಪತ್ರೆಯೇ ಆಗಿ, 1943ರಲ್ಲಿ ಅಮೆರಿಕದ ಸೈನ್ಯದ ವಿಮಾನದಳದವರ ಆಡಳಿತಕ್ಕೆ ಹೋಯಿತು. ಅದೇ ಕಾಲದಲ್ಲಿ ಊರಿನ ಉತ್ತರಕ್ಕೆ ಯಲಹಂಕದಲ್ಲಿ ಬ್ರಿಟಿಷ್ ವಿಮಾನದಳದವರ ನಿಲ್ದಾಣವಿದ್ದಿತು. ಬರ್ಮಾದ ಗಡಿಯಲ್ಲಿ ಹರಿಕೇನ್ ಎಂಬ ಹಳೆಯ ವಿಮಾನಗಳನ್ನು ಹಾರಿಸಿ ದಣಿದಿದ್ದ ತುಕಡಿಗಳು 1944ರ ನಡುವಿನಲ್ಲಿ ಯಲಹಂಕಕ್ಕೆ ಬಂದು, ಅಮೆರಿಕದಿಂದ ಬಂದ ಥಂಡರ್‌ಬೋಲ್ಟ್ ಎಂಬ ಹೊಸ ವಿಮಾನಗಳನ್ನು ನಡೆಸುವುದನ್ನು ಅಲ್ಲಿ ಕಲಿತು, ಅದೇ ವರ್ಷದ ಸೆಪ್ಟೆಂಬರಿನಿಂದ ಅವುಗಳೊಡನೆ ಅರಕಾನಿನ ಕಡೆ ಯುದ್ಧಕ್ಕೆ ಇಳಿದುವು. ಥಂಡರ್‌ಬೋಲ್ಟ್ ಎಂದರೆ ಸಿಡಿಲು. ಅದರ ಮೂತಿ ದುಂಡಗೆ, ಹೊಟ್ಟೆ ದೊಡ್ಡದು. ಒಂದೇ ಇಂಜಿನ್, ಒಬ್ಬನೇ ಸವಾರನಾದರೂ ತೂಕ ಆರು ಟನ್ನಿಗೂ ಮಿಕ್ಕು. ಮುದುಕಿಯ ಮಾತನ್ನು ಕೇಳಿದೊಡನೆ ನಮಗೆ ನೆನಪಾದುದು ಈ ಗರ್ಭಿಣಿ ವಿಮಾನವೇ.

ಅದರ ಇಂಜಿನ್ನಿಗೆ ಡಬಲ್ ವಾಸ್ಪ್ ಎಂದು ಹೆಸರು. ನಮ್ಮ ಮಾತಿನಲ್ಲಿ ಜೋಡಿ ಕಣಜ. (ಧಾನ್ಯದ ಕಣಜವಲ್ಲ, ಕಚ್ಚುವ ಕಣಜ.) ಒಂಬತ್ತೊಂಬತ್ತರ ಎರಡು ಸುತ್ತು, ಒಟ್ಟು ಹದಿನೆಂಟು ಸಿಲಿಂಡರುಗಳು, ಒಂದೊಂದರ ಹೊಟ್ಟೆಯೂ ಎರಡೂವರೆ ಲೀಟರು ಹಿಡಿಸುವಷ್ಟು ದೊಡ್ಡದು. ಇದು 2000 ಅಶ್ವಶಕ್ತಿಯ ಯಂತ್ರ. ನೀರಿನ ವ್ಯವಸ್ಥೆಯನ್ನು ಅಳವಡಿಸಿದ ಮೇಲೆ ಅದೇ ಯಂತ್ರವು ಕೆಲವು ನಿಮಿಷಗಳ ಮಟ್ಟಿಗೆ 2300 ಅಶ್ವಶಕ್ತಿಯನ್ನು ಕೊಡತೊಡಗಿತು. ಕೃಷ್ಣರಾಜನಗರದ ಗದ್ದೆಬಯಲಿನವರಿಗೆ ಲೆಕ್ಕ ಹೀಗೆ ಹೇಳಬಹುದು: ಹತ್ತು ಅಶ್ವಶಕ್ತಿಯ ಪಂಪ್‌ಸೆಟ್ಟುಗಳು ಮೂವತ್ತು ಸೇರಿ ಮಾಡುವ ಕೆಲಸವನ್ನು, ಒಂದು ಬೋಲ್ಟನ್ನೂ ದೊಡ್ಡದುಮಾಡದೆ, ನೀರಿನಿಂದ ಗಳಿಸಿಕೊಂಡ ಹಾಗಾಯಿತು.

ಹಾಗಾದರೆ ನೀರು ಉರಿಯಿತೇ? ಎಂದಿಗೂ ಇಲ್ಲ. ಇದನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುವೆವು. ಜಲಜನಕವು ಉರಿದು ಮುಗಿದಮೇಲೆ ಉಳಿಯುವುದೇ ನೀರು. ಬೂದಿಗೆ ಮತ್ತೆ ಕಿಡಿ ಹಚ್ಚಿದರೆ ಉರಿಯುವುದೆ? ನೀರು ಇಲ್ಲಿ ಮಾಡಿದುದು ಬೇರೆಯ ಕೆಲಸ. ಒಲೆಯ ಮೇಲೆ ಹಾಲು ಕಾಯಿಸುವ ತಾಯಂದಿರೆಲ್ಲರೂ ಅದನ್ನು ಬಲ್ಲರು. ಹಾಲು ಉಕ್ಕಿ ಪಾತ್ರೆಯ ಕಂಠಕ್ಕೆ ಬಂದಾಗ ಒಂದು ಹನಿಕೆ ತಣ್ಣೀರನ್ನು ಚಿಮುಕಿಸಿದರೆ ಅದು ತಟ್ಟನೆ ಇಳಿಯುತ್ತದೆ. ಇಳಿದುದರಿಂದ ಉರಿಯನ್ನು ತಗ್ಗಿಸದೆ ಇನ್ನಷ್ಟು ಹೊತ್ತು ಕಾಯಿಸುವುದಕ್ಕೆ ಅವಕಾಶವಾಗುತ್ತದೆ. ನೀರು ಒಲೆಗೆ ಸೌದೆಯಾಗಲಿಲ್ಲ. ದೊಡ್ಡ ಉರಿಯನ್ನು ಪಾತ್ರೆಯು ತಡೆದುಕೊಳ್ಳುವಂತೆ ಮಾಡಿತು, ಅಷ್ಟೆ. ವಿಮಾನದಲ್ಲಿ ನಡೆದುದೂ ಬಹುಮಟ್ಟಿಗೆ ಇದೇ.

ಯಂತ್ರದಲ್ಲಿ ಉಕ್ಕುವುದು ಯಾವುದು? ಪೆಟ್ರೋಲಿನ ಇಂಜಿನ್ನಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಆವಿಯ ಮಿಶ್ರಣವನ್ನು ಪಿಸ್ಟನ್ ಒತ್ತಿ ಕಿರಿದು ಮಾಡುತ್ತದೆ. ಕಿಡಿ ತಗಲಿದೊಡನೆ ಮಿಶ್ರಣವು ಹೊತ್ತಿ, ಹಿಗ್ಗಿ, ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಪೆಟ್ರೋಲನ್ನು ಉರಿಸಬೇಕು. ಅದು ಉರಿಯಲು ಹೆಚ್ಚು ಗಾಳಿ ಬೇಕು. ಎತ್ತರದಲ್ಲಿಯೋ ಗಾಳಿ ತೆಳು. ಆದುದರಿಂದ ವಿಮಾನದ ಇಂಜಿನ್ನಿಗೆ ಗಾಳಿಯನ್ನು ಬಲವಂತದಿಂದ ತುಂಬುವ ಸೂಪರ್‌ಚಾರ್ಜರ್ ಎಂಬ ಪಂಪನ್ನು ಇಟ್ಟಿರುತ್ತಾರೆ. ತೊಂದರೆ ಇಲ್ಲಿಂದಲೇ ಆರಂಭ. ಸೈಕಲ್ಲಿಗೆ ಗಾಳಿ ಹೊಡೆಯುವ ಹುಡುಗರು ಪಂಪಿನ ಬುಡವನ್ನು ಮುಟ್ಟಿ ನೋಡಲಿ, ಅದು ಸುಡುತ್ತಿರುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದು ಪ್ರಕೃತಿಯ ನಿಯಮ. ಹೀಗೆ ಮೊದಲೇ ಕಾದ ಗಾಳಿಯು ಸಿಲಿಂಡರನ್ನು ಸೇರಿ, ಅಲ್ಲಿ ಪಿಸ್ಟನ್ನು ಮತ್ತೆ ಒತ್ತಿದಾಗ ಇನ್ನೂ ಕಾಯುತ್ತದೆ.

ಮಿಶ್ರಣವು ಕಿಡಿಯ ಬಳಿಯಿಂದ ಹೊರಟು ಕ್ರಮವಾಗಿ ಉರಿದರೆ ಸರಿ. ಒಣಹುಲ್ಲಿನ ಬಯಲಿಗೆ ಒಂದು ಕಡೆಯಿಂದ ಬೆಂಕಿ ಹಬ್ಬುವ ಹಾಗೆ. ಆದರೆ ಮಿತಿಮೀರಿ ಕಾದಿದ್ದರೆ, ಬೆಂಕಿಯ ಸಾಲು ಬಂದು ಮುಟ್ಟುವುದಕ್ಕೆ ಮೊದಲೇ ಮೂಲೆಯಲ್ಲಿ ಉಳಿದಿದ್ದ ಮಿಶ್ರಣವು ತನಗೆ ತಾನೇ ಒಮ್ಮೆಗೇ ಸಿಡಿದುಬಿಡುತ್ತದೆ. ಸುತ್ತಿಗೆಯಿಂದ ಹೊಡೆದಂತೆ ಠಣ್ ಠಣ್ ಎಂಬ ಸದ್ದು. ಇದನ್ನು ನಾಕಿಂಗ್ ಎನ್ನುವರು; ಏರುದಾರಿಯಲ್ಲಿ ಭಾರ ಹೊತ್ತ ಹಳೆಯ ಮೋಟಾರುಗಳಲ್ಲಿ ಅನೇಕರು ಕೇಳಿರಬಹುದು. ಮೋಟಾರಿನಲ್ಲಿ ಅದು ಬರಿಯ ಕಿರಿಕಿರಿ. ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಸಲ ಉರಿಯುವ ವಿಮಾನದ ಸಿಲಿಂಡರಿನಲ್ಲಿ ಅದು ಮೃತ್ಯು: ಸ್ವಲ್ಪ ಹೊತ್ತಿನಲ್ಲಿಯೇ ಪಿಸ್ಟನ್ನಿನ ತಲೆ ಕರಗಿ ತೂತುಬೀಳುವುದು, ಸಿಲಿಂಡರಿನ ತಲೆ ಬಿರಿಯುವುದು. ಕೆಳಗೆ ಬರ್ಮಾದ ಕಾಡು. ಮೇಲೆ ಒಂದೇ ಇಂಜಿನ್ನಿನ ವಿಮಾನ.

ಇಂಜಿನ್ನುಗಳನ್ನು ಕಟ್ಟಿದವರಿಗೆ ಇದೇ ದೊಡ್ಡ ಗೋಡೆಯಾಗಿತ್ತು. ಲೋಹವು ಇನ್ನೂ ಹೆಚ್ಚಿನ ಒತ್ತಡವನ್ನು ತಾಳಬಲ್ಲದು, ಪಂಪು ಇನ್ನೂ ಹೆಚ್ಚು ಗಾಳಿಯನ್ನು ಕೊಡಬಲ್ಲದು. ಪೆಟ್ರೋಲು ಮಾತ್ರ ಸಿಡಿಯುತ್ತೇನೆಂದು ಹಟ ಹಿಡಿಯುತ್ತದೆ. ಪೆಟ್ರೋಲಿನ ಸಹನೆಯನ್ನು ಅಳೆಯಲು ಆಕ್ಟೇನ್ ಎಂಬ ಅಂಕವನ್ನು ಏರ್ಪಡಿಸಿದ್ದಾರೆ. ಅಂಕ ಹೆಚ್ಚಿದಷ್ಟೂ ಅದು ಒತ್ತಡವನ್ನು ಹೆಚ್ಚು ಸಹಿಸುತ್ತದೆ. 1940ರಲ್ಲಿ ಇಂಗ್ಲೆಂಡಿನ ಮೇಲೆ ನಡೆದ ವಿಮಾನಯುದ್ಧದ ವೇಳೆಗೆ ಬ್ರಿಟಿಷರಿಗೆ 100 ಅಂಕದ ಪೆಟ್ರೋಲು ದೊರೆತಿತ್ತು. ಜರ್ಮನರ ಸಾಮಾನ್ಯ ವಿಮಾನತೈಲ 87 ಅಂಕದ್ದು. ಯುದ್ಧವನ್ನು ಗುಂಡುಗಳಿಂದ ಗೆಲ್ಲುವರೆಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅದು ಎಣ್ಣೆಯ ಬಟ್ಟಿಯಲ್ಲಿ ತೀರ್ಮಾನವಾಗಿರುತ್ತದೆ.

ಸಿಡಿತವನ್ನು ತಡೆಯಲು ಚಾಲಕರಿಗೆ ಇನ್ನೊಂದು ಉಪಾಯವೂ ತಿಳಿದಿತ್ತು. ಆದರೆ ಅದು ದುಂದುಗಾರಿಕೆಯ ಉಪಾಯ. ಪೂರ್ಣಶಕ್ತಿಯಲ್ಲಿ ಓಡುವಾಗ ಉರಿಯಲು ಬೇಕಾದುದಕ್ಕಿಂತ ಹೆಚ್ಚಾಗಿ ಪೆಟ್ರೋಲನ್ನು ಸುರಿಯುವುದು. ಆ ಹೆಚ್ಚಿನ ಪೆಟ್ರೋಲು ಉರಿಯದೆ, ಆವಿಯಾಗುವುದರಿಂದ ಸಿಲಿಂಡರನ್ನು ತಂಪುಮಾಡಿ ಹೊಗೆಯೊಡನೆ ಹೊರಟುಹೋಗುತ್ತದೆ. ತಂಪಿಗಾಗಿ ಪೆಟ್ರೋಲು ಚೆಲ್ಲುವುದೆಂದರೆ ಬಿಸಿಲಿನಲ್ಲಿ ಅಂಗಳಕ್ಕೆ ಹಾಲು ಚಿಮುಕಿಸಿದಂತೆ. ಅಲ್ಲದೆ ಅತಿಯಾದ ಪೆಟ್ರೋಲಿನಿಂದ ಉರಿಯೂ ಮಂಕಾಗಿ ಶಕ್ತಿ ಸ್ವಲ್ಪ ತಗ್ಗುತ್ತದೆ.

ಇಲ್ಲಿ ನೀರು ಪ್ರವೇಶಿಸುತ್ತದೆ. ಮಣ್ಣಿನ ಹೂಜಿಯ ಮೈ ಬೆವರಿ ಒಳಗಿನ ನೀರು ತಣ್ಣಗಾಗುವುದು, ಜ್ವರ ಬಂದವರ ಹಣೆಗೆ ಒದ್ದೆಬಟ್ಟೆ ಹಾಕುವುದು, ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವ ಕಡೆ ನಿಂತವರಿಗೆ ನಡುಬೇಸಿಗೆಯಲ್ಲಿಯೂ ಮೈ ನಡುಗುವುದು, ಇವೆಲ್ಲಕ್ಕೂ ಕಾರಣ ಒಂದೇ. ನೀರು ಆವಿಯಾಗಬೇಕಾದರೆ ಎಲ್ಲಿಂದಲಾದರೂ ಬಹಳ ಶಾಖವನ್ನು ಕಸಿದುಕೊಳ್ಳಬೇಕು. ಸಾಧಾರಣ ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಎಷ್ಟು ಶಾಖ ಬೇಕೋ ಅದರ ಏಳರಷ್ಟು ಶಾಖವು, ಕುದಿಯುವ ಅದೇ ನೀರನ್ನು ಪೂರಾ ಆವಿಮಾಡಲು ಬೇಕು. ಒಂದು ಗ್ರಾಂ ನೀರಿಗೆ ಸುಮಾರು 540 ಕ್ಯಾಲೊರಿ. ತೂಕಕ್ಕೆ ತೂಕ ನೋಡಿದರೆ ಪೆಟ್ರೋಲು ಆವಿಯಾಗುವಾಗ ಹೀರುವ ಶಾಖ ಇದರ ಆರನೆಯ ಒಂದು ಪಾಲೂ ಇಲ್ಲ. ಆದುದರಿಂದ ತಂಪಿಗಾಗಿ ಚೆಲ್ಲುತ್ತಿದ್ದ ಪೆಟ್ರೋಲನ್ನು ನಿಲ್ಲಿಸಿ, ಅದರ ಬದಲು ಸಣ್ಣ ಮಂಜಿನಂತೆ ನೀರನ್ನು ಗಾಳಿಯ ದಾರಿಯಲ್ಲಿ ಚಿಮುಕಿಸಿದರೆ ಎರಡು ಲಾಭ. ಮಿಶ್ರಣವು ತಂಪಾಗಿ ಸಿಡಿತದ ಭಯ ದೂರವಾಗುತ್ತದೆ, ಹಾಗಾಗಿ ಇನ್ನೂ ಹೆಚ್ಚು ಒತ್ತಡದಿಂದ ಗಾಳಿಯನ್ನು ತುಂಬಬಹುದು. ಪೆಟ್ರೋಲಿನ ಪಾಲನ್ನು ಉರಿಗೆ ತಕ್ಕ ಹದಕ್ಕೆ ಇಳಿಸಬಹುದಾದುದರಿಂದ ಅಲ್ಲಿಯೂ ಶಕ್ತಿ ಏರುತ್ತದೆ. ಡಬಲ್ ವಾಸ್ಪಿನಲ್ಲಿ ನೀರು ಹರಿಯತೊಡಗಿದೊಡನೆ ಪೆಟ್ರೋಲನ್ನು ತಾನಾಗಿಯೇ ತಗ್ಗಿಸುವ ಒಂದು ಕವಾಟವನ್ನೇ ಇಟ್ಟಿದ್ದರು.

ಈ ಯೋಚನೆ ಯುದ್ಧದಲ್ಲಿ ಹುಟ್ಟಿದುದಲ್ಲ. ಹಂಗೇರಿಯ ಬಾಂಕಿ ಎಂಬ ಎಂಜಿನಿಯರು 19ನೆಯ ಶತಮಾನದ ಕೊನೆಯಲ್ಲಿಯೇ ಇಂಜಿನ್ನಿನೊಳಕ್ಕೆ ನೀರು ಚಿಮುಕಿಸಿ ನೋಡಿದ್ದರು. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಅವರೂ ಇದನ್ನು ಪರೀಕ್ಷಿಸಿದ್ದರು. ಆದರೆ ನೆಲದ ಮೇಲಿನ ಯಂತ್ರಗಳಿಗೆ ಅದರ ಅವಶ್ಯಕತೆ ಅಷ್ಟಾಗಿ ಇರಲಿಲ್ಲ.

ಇನ್ನು ಸಾರಾಯಿಯ ವಾಸನೆಯ ಸಂಗತಿ. ಬರಿಯ ನೀರೇ ಸಿಡಿತವನ್ನು ಚೆನ್ನಾಗಿ ತಡೆಯುವುದಾದರೂ ಅದಕ್ಕೊಂದು ದೋಷವಿದೆ. ಯಲಹಂಕದ ನೆಲದ ಮೇಲೆ ಎಷ್ಟೇ ಸೆಕೆ ಇರಲಿ, ಇಪ್ಪತ್ತು ಸಾವಿರ ಅಡಿ ಮೇಲೇರಿದರೆ ಗಾಳಿ ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿರುತ್ತದೆ. ತೊಟ್ಟಿಯ ನೀರು ಗಡ್ಡೆಕಟ್ಟಿ ಕೊಳವೆ ಒಡೆಯುತ್ತದೆ. ಅದಕ್ಕಾಗಿ ನೀರಿಗೆ ಹೆಚ್ಚುಕಡಿಮೆ ಸಮಪಾಲಾಗಿ ಮೆಥನಾಲ್ ಎಂಬ ಮದ್ಯಸಾರವನ್ನು ಬೆರೆಸಿದರು. ಮಿಶ್ರಣವು ಸೊನ್ನೆಯ ಕೆಳಗೆ ನಲವತ್ತು ಡಿಗ್ರಿಯಲ್ಲಿಯೂ ಹರಿಯುತ್ತದೆ. ಮೆಥನಾಲ್ ತಾನೂ ಉರಿಯುವ ವಸ್ತು. ಆವಿಯಾಗುವಾಗ ನೀರಿನ ಅರ್ಧದಷ್ಟು ಶಾಖವನ್ನು ಅದೂ ಹೀರುತ್ತದೆ. ಎಲ್ಲ ವಿಧದಲ್ಲಿಯೂ ಒಪ್ಪುವ ಜೊತೆಗಾರ.

ಮೆಥನಾಲಿಗೆ ಮರದ ಮದ್ಯಸಾರವೆಂದೂ ಹೆಸರುಂಟು. ಮೈಸೂರು ಸೀಮೆಯವರಿಗೆ ಇದು ಪರಕೀಯ ವಸ್ತುವಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಯತ್ನದಿಂದ ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಆರಂಭಿಸಿದ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ಕಟ್ಟಿಗೆಯ ಬಟ್ಟಿಯೂ ಸೇರಿತ್ತು. ಕಬ್ಬಿಣ ಕರಗಿಸಲು ಇದ್ದಿಲು ಬೇಕು. ಇದ್ದಿಲಿಗಾಗಿ ಮಲೆನಾಡಿನ ಕಟ್ಟಿಗೆಯನ್ನು ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಗಳಲ್ಲಿ ಸುಡುವಾಗ ಏಳುವ ಹೊಗೆಯನ್ನು ವ್ಯರ್ಥವಾಗಿ ಬಿಡದೆ ತಣಿಸಿ, ಅದರಿಂದ ಟಾರು, ಸುಣ್ಣದ ಅಸಿಟೇಟು ಮತ್ತು ಈ ಮದ್ಯಸಾರವನ್ನು ತೆಗೆಯುತ್ತಿದ್ದರು. ದೈವಯೋಗವೆನ್ನಬೇಕು, ಅದೇ 1923ರಲ್ಲಿ ಜರ್ಮನಿಯ ಲೋಯ್ನಾ ಎಂಬಲ್ಲಿ ಕಟ್ಟಿಗೆಯೇ ಇಲ್ಲದೆ, ಅನಿಲಗಳನ್ನು ಒತ್ತಡದಲ್ಲಿ ಕೂಡಿಸಿ, ಮೆಥನಾಲನ್ನು ಅಗ್ಗವಾಗಿ ಮಾಡುವ ಕಾರ್ಖಾನೆ ಹುಟ್ಟಿಕೊಂಡಿತು. ಮುಂದೆ ಲೋಕದಲ್ಲೆಲ್ಲ ಕಟ್ಟಿಗೆಯ ಬಟ್ಟಿಯ ಕಸಬು ಮಂಕಾಯಿತು.

ಒಳ್ಳೆಯ ಪೆಟ್ರೋಲಿನ ಅಭಾವವಿದ್ದ ಜರ್ಮನರು ನೀರನ್ನು ಇನ್ನೂ ಹೆಚ್ಚು ನಂಬಬೇಕಾಯಿತು. ಅವರ ಮಿಶ್ರಣದ ಹೆಸರು ಎಂ.ಡಬ್ಲ್ಯು. 50, ಅರ್ಧ ಮೆಥನಾಲ್, ಅರ್ಧಕ್ಕೆ ತುಸು ಕಡಿಮೆ ನೀರು, ಉಳಿದದ್ದು ತುಕ್ಕು ಹಿಡಿಯದಿರಲು ಹಾಕುವ ಎಣ್ಣೆ. 1944ರಲ್ಲಿ ಅವರ ಮೆಸ್ಸರ್‌ಶ್ಮಿಟ್ 109 ವಿಮಾನಗಳಲ್ಲಿ ಇದನ್ನು ಬಳಸಿದಾಗ 1475 ಅಶ್ವಶಕ್ತಿಯ ಇಂಜಿನ್ 1800ರವರೆಗೆ ಏರಿತು. ಹತ್ತು ನಿಮಿಷ ಓಡಿಸಿದ ಮೇಲೆ ಐದು ನಿಮಿಷವಾದರೂ ಬಿಡುವು ಕೊಡಬೇಕೆಂಬ ಕಟ್ಟಳೆಯಿತ್ತು. ಜಪಾನೀಯರಿಗೂ ಅದೇ ಅಭಾವ, ಅದೇ ಉಪಾಯ. ಅವರ ಕಾಸೇ, ಹೊಮಾರೆ ಎಂಬ ಇಂಜಿನ್ನುಗಳು ನೀರು ಮತ್ತು ಮೆಥನಾಲನ್ನು ಕುಡಿದೇ ಹಾರಿದುವು. ಹೀಗೆ ಆಕಾಶದಲ್ಲಿ ಹೋರಾಡಿದ ಎರಡು ಪಕ್ಷದವರ ತೊಟ್ಟಿಗಳಲ್ಲಿಯೂ ಇದ್ದುದು ಒಂದೇ ತೀರ್ಥ.

ಆ ಕಾಲದಲ್ಲಿ ನಮ್ಮ ನೆಲದ ಮೇಲಿನ ಸ್ಥಿತಿಯನ್ನೂ ನೆನೆಯಬೇಕು. ಜನರಿಗೆ ಪೆಟ್ರೋಲು ಸಿಕ್ಕುತ್ತಿರಲಿಲ್ಲ. ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಹೊರಡುವ ಮೊದಲು ಅರ್ಧ ಗಂಟೆ ಒಲೆ ಊದಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು. ಊರಿನಲ್ಲಿ ಅಂತಹ ಬಸ್ಸನ್ನು ನೂಕಿದ ಹುಡುಗನು ಯಲಹಂಕದಲ್ಲಿ ಎರಡು ಸಾವಿರ ಕುದುರೆಗಳ ಯಂತ್ರಕ್ಕೆ ಆಲಿಕೆಯಿಟ್ಟು ನೀರು ಹೊಯ್ದನೆಂದರೆ, ಅವನಿಗೆ ಅದನ್ನು ಹೇಳದೆ ಇರಲಾದೀತೆ? ಹೇಳಿದರೆ ನಂಬುವವರಾದರೂ ಯಾರು?

ಅವನು ಎಷ್ಟು ನೀರು ಹೊಯ್ದಿರಬಹುದು? ಥಂಡರ್‌ಬೋಲ್ಟಿನ ನೀರಿನ ತೊಟ್ಟಿ ಮೊದಲು ಅಮೆರಿಕದ ಅಳತೆಯಲ್ಲಿ 15 ಗ್ಯಾಲನ್, ತರುವಾಯದ ವಿಮಾನಗಳಲ್ಲಿ 30 ಗ್ಯಾಲನ್ ಹಿಡಿಯುತ್ತಿತ್ತು. 30 ಗ್ಯಾಲನ್ ಎಂದರೆ 113 ಲೀಟರು; ನಮ್ಮ ಮನೆಗಳ ಏಳೆಂಟು ಕೊಡ. ಇಷ್ಟೆಲ್ಲ ಸುಮಾರು ಕಾಲು ಗಂಟೆಯಲ್ಲಿ ಮುಗಿದುಹೋಗುತ್ತಿತ್ತು. ಆದರೆ ಒಂದೇ ಉಸಿರಿಗೆ ಮುಗಿಸಲು ಅಪ್ಪಣೆಯಿರಲಿಲ್ಲ. ಒಂದು ಸಲಕ್ಕೆ ಐದು ನಿಮಿಷ. ಶತ್ರು ಬೆನ್ನಟ್ಟಿದಾಗ, ಇಲ್ಲವೆ ತಾನೇ ಶತ್ರುವನ್ನು ಹಿಡಿಯಬೇಕಾದಾಗ ಮಾತ್ರ. ಕೆಲವು ಅಮೆರಿಕನ್ ಯುದ್ಧವಿಮಾನಗಳಲ್ಲಿ ಶಕ್ತಿಯ ಹಿಡಿಕೆಯ ಕೊನೆಯ ಅಂಗುಲಕ್ಕೆ ಅಡ್ಡವಾಗಿ ಒಂದು ತೆಳುವಾದ ತಂತಿ ಕಟ್ಟಿರುತ್ತಿದ್ದರು. ಪ್ರಾಣಾಂತ ಬಂದಾಗ ಚಾಲಕನು ಹಿಡಿಕೆಯನ್ನು ನೂಕಿ ತಂತಿಯನ್ನು ಕಡಿಯುವನು. ಇಳಿದ ಮೇಲೆ ಕಡಿದ ತಂತಿಯನ್ನು ಕಂಡ ಮೆಕ್ಯಾನಿಕ್ಕನಿಗೆ, ಇಂಜಿನ್ನಿಗೆ ಮಿತಿಮೀರಿದ ದುಡಿತವಾಗಿದೆ, ಬಿಚ್ಚಿ ನೋಡಬೇಕು ಎಂದು ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತಿತ್ತು.

ನೀರು ನಡುವೆಯೇ ತೀರಿದರೇನು ಗತಿ? ಒತ್ತಡ ಹಾಗೆಯೇ ಉಳಿದು ತಂಪು ನಿಂತಿತೆಂದರೆ ಮೇಲೆ ಹೇಳಿದ ಸಿಡಿತವು ಯಂತ್ರವನ್ನು ನುಂಗಿಬಿಡುತ್ತಿತ್ತು. ಅದಕ್ಕಾಗಿ ನೀರಿನ ಕೊಳವೆಯ ಒತ್ತಡ ಇರುವ ತನಕ ಮಾತ್ರ ಹೆಚ್ಚಿನ ಗಾಳಿ ತುಂಬುವಂತೆ ಏರ್ಪಾಡು ಮಾಡಿದ್ದರು. ನೀರು ನಿಂತರೆ ಗಾಳಿಯೂ ತಗ್ಗುವುದು. ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ನೀರು ಹಾಕುವ ಕೂಲಿಯವನು ತೊಟ್ಟಿಯನ್ನು ಅರ್ಧ ತುಂಬಿ ‘ಆಯಿತು’ ಎಂದಿದ್ದರೆ, ಅಥವಾ ಕಸ ಬಿದ್ದ ನೀರನ್ನು ಹಾಗೆಯೇ ಹೊಯ್ದು ಚಿಮುಕಿಸುವ ಸೂಕ್ಷ್ಮ ರಂಧ್ರಗಳು ಕಟ್ಟಿಕೊಂಡಿದ್ದರೆ, ಅದರ ಫಲವನ್ನು ಅರಕಾನಿನ ಮೇಲೆ ಒಬ್ಬ ಇಪ್ಪತ್ತೆರಡು ವರ್ಷದ ಹುಡುಗನು ಉಣ್ಣಬೇಕಾಗಿತ್ತು. ಆ ಮನೆಯ ಅಟ್ಟದಿಂದ ಇಳಿಸಿ ನಮಗೆ ತೋರಿಸಿದ ಹಿತ್ತಾಳೆಯ ಆಲಿಕೆಯ ಕುತ್ತಿಗೆಯಲ್ಲಿ ಕೂದಲಿನಷ್ಟು ನವಿರಾದ ತಂತಿಯ ಜಾಲರಿ ಇದೆ. ತಾತನವರು ಅದನ್ನು ಬರುವಾಗ ಕೇಳಿ ಪಡೆದು ತಂದರೋ, ಕೇಳದೆ ತಂದರೋ, ಎಂಬತ್ತು ವರ್ಷಗಳ ಮೇಲೆ ನಾವು ವಿಚಾರಣೆ ನಡೆಸಲು ಹೋಗಲಿಲ್ಲ.

ಎತ್ತರಕ್ಕೂ ಒಂದು ಮೇರೆಯುಂಟು. ಗಾಳಿ ತುಂಬುವ ಪಂಪು ತನ್ನ ಶಕ್ತಿಯ ಕೊನೆಯನ್ನು ಮುಟ್ಟುವಷ್ಟು ಮೇಲೇರಿದ ಬಳಿಕ ನೀರಿನಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಕೊರತೆ ತಂಪಿನದಲ್ಲ, ಗಾಳಿಯದು. ಅಂತಹ ಎತ್ತರಕ್ಕಾಗಿ ಜರ್ಮನರು ನೈಟ್ರಸ್ ಆಕ್ಸೈಡ್ ಎಂಬ, ವೈದ್ಯರು ನೋವಳಿಸಲು ಮೂಸಿಸುವ ಅನಿಲವನ್ನೇ ಇಂಜಿನ್ನಿಗೆ ಊದಿ ಆಮ್ಲಜನಕವನ್ನು ಒದಗಿಸಿದರು. ಅದು ಬೇರೆ ಕಥೆ.

ಯುದ್ಧ ಮುಗಿದ ಮೇಲೆಯೂ ಈ ನೀರು ಬತ್ತಲಿಲ್ಲ. ಡಬಲ್ ವಾಸ್ಪ್ ಇಂಜಿನ್ನಿನ ಡಿ.ಸಿ. 6 ಮುಂತಾದ ಪ್ರಯಾಣಿಕರ ವಿಮಾನಗಳು ಭಾರ ಹೊತ್ತು ನೆಲ ಬಿಡುವಾಗ ನೀರು-ಮೆಥನಾಲಿನ ಸಹಾಯ ಪಡೆದುವು. ಪಿಸ್ಟನ್ನುಗಳ ಕಾಲ ಹೋಗಿ ಟರ್ಬೈನುಗಳ ಕಾಲ ಬಂದಮೇಲೆಯೂ ಕಾರಣ ಸ್ವಲ್ಪ ಬದಲಾಗಿ ಅದೇ ಉಪಾಯ ಉಳಿಯಿತು. ಕಾನ್‌ಪುರದಲ್ಲಿ ಕಟ್ಟಿ 1961ರಲ್ಲಿ ಮೊದಲು ಹಾರಿಸಿದ ನಮ್ಮ ವಾಯುಸೇನೆಯ ಆವ್ರೋ ವಿಮಾನದ ಡಾರ್ಟ್ ಇಂಜಿನ್ನು, ಬಿಸಿಲಿನ ದಿನ ಎತ್ತರದ ನಿಲ್ದಾಣದಿಂದ ಏಳುವಾಗ ನೀರು-ಮೆಥನಾಲನ್ನು ಕುಡಿಯುತ್ತಿತ್ತು. ಆ ಆವ್ರೋಗಳಲ್ಲಿ ಚಾಲಕರಿಗೆ ತರಬೇತಿ ಕೊಟ್ಟ ಸ್ಥಳಗಳಲ್ಲಿ ಯಲಹಂಕವೂ ಒಂದು. ತಾತನವರು ನೀರು ಹೊತ್ತ ಊರಿನಲ್ಲಿಯೇ!

ಇಷ್ಟು ಬರೆದ ಮೇಲೆ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದೆ ಬಿಟ್ಟರೆ ನಮಗೆ ನಿದ್ದೆ ಬಾರದು. ನೀರಿನಿಂದ ಬೈಕು ಓಡಿಸುತ್ತೇವೆ, ಪಂಪ್‌ಸೆಟ್ಟಿನ ಎಣ್ಣೆ ಅರ್ಧ ಉಳಿಸುತ್ತೇವೆ ಎಂದು ಡಬ್ಬಿಗಳನ್ನು ಮಾರುವವರು ಸಂತೆಗಳಿಗೆ ಬರುತ್ತಾರೆ. ನಮ್ಮ ಪರಿಚಯದವರೊಬ್ಬರು ಹೆಗ್ಗಡದೇವನಕೋಟೆಯ ಕಡೆ ಅಂತಹ ಡಬ್ಬಿಯನ್ನು ಕೊಂಡು ಪೆಟ್ರೋಲಿನ ಟ್ಯಾಂಕಿಗೇ ನೀರು ಬೆರೆಸಿ, ಹೂವಿನ ತೋಟಕ್ಕೆ ಹಾಯಿಸುವ ಯಂತ್ರವನ್ನು ಹಾಳುಮಾಡಿಕೊಂಡರು. ಪೆಟ್ರೋಲಿನೊಡನೆ ನೀರು ಬೆರೆಯುವುದಿಲ್ಲ. ಭಾರವಾದುದರಿಂದ ತಳಕ್ಕಿಳಿದು, ಮೊದಲು ಅದೇ ಕಾರ್ಬುರೇಟರಿಗೆ ಹೋಗಿ ಯಂತ್ರವನ್ನು ನಿಲ್ಲಿಸುತ್ತದೆ, ಒಳಗೆಲ್ಲ ತುಕ್ಕು ಹಿಡಿಸುತ್ತದೆ. ವಿಮಾನದಲ್ಲಿ ನೀರಿಗೆ ಬೇರೆ ತೊಟ್ಟಿ, ಬೇರೆ ಪಂಪು, ಬೇರೆ ದಾರಿ. ಒತ್ತಿ ತುಂಬಿದ ಗಾಳಿಯಿಂದ ಸಿಡಿತದ ಅಂಚಿನಲ್ಲಿ ಓಡುವ ಯಂತ್ರಕ್ಕೆ ಮಾತ್ರ ಅದು ಔಷಧ. ಆರೋಗ್ಯವಾಗಿ ಓಡುತ್ತಿರುವ ಸಣ್ಣ ಇಂಜಿನ್ನಿಗೆ ಬಲವಂತದ ಸ್ನಾನ.

ಇನ್ನೊಂದು ಮಾತು ಮೆಥನಾಲನ್ನು ಕುರಿತು. ಅದರ ವಾಸನೆ, ಬಣ್ಣ ಕುಡಿಯುವ ಮದ್ಯವನ್ನೇ ಹೋಲುತ್ತವೆ. ಆದರೆ ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಸುಡುತ್ತದೆ, ಆಮೇಲೆ ಪ್ರಾಣವನ್ನು ಒಯ್ಯುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಇದು ಬೆರೆತ ಕಳ್ಳಸಾರಾಯಿಯನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. ಬಣ್ಣ ತೆಳುಮಾಡುವ ದ್ರವ, ಮೆರುಗಿನ ಸ್ಪಿರಿಟ್ಟು ಮೊದಲಾದುವುಗಳಲ್ಲಿಯೂ ಅದು ಇರಬಹುದು. ಅವನ್ನು ನೀರಿನ ಬಾಟಲಿಗೆ ಬಗ್ಗಿಸಿ ಅಡಿಗೆಮನೆಯಲ್ಲಿ ಇಡಕೂಡದು. ಯಾರಾದರೂ ಅರಿಯದೆ ಕುಡಿದರೆ, ಒಂದೆರಡು ಗಂಟೆ ಏನೂ ಆಗದಂತೆ ಕಂಡಿತೆಂದು ಸುಮ್ಮನಿರದೆ, ಕೂಡಲೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಇದಕ್ಕೆ ಮದ್ದುಂಟು, ಆದರೆ ಹೊತ್ತು ಮೀರಬಾರದು. ‘ನಾಲಗೆಗೆ ಮುಟ್ಟಿಸಿದರೆ ಕಣ್ಣು ಹೋಗುತ್ತೆ’ ಎಂದು ಆ ಕಾಲದಲ್ಲಿ ಹೆದರಿಸಿದವರು ಸರಿಯಾದ ಎಚ್ಚರಿಕೆಯನ್ನೇ ಕೊಟ್ಟಿದ್ದರು. ಕೇಳಿದ ಹುಡುಗನು ಅದನ್ನು ಮರೆಯದೆ ಮಗಳಿಗೂ ಹೇಳಿದನು.

ಈಗ ಆ ತಾಯಿಯವರಿಗೆ ನಮ್ಮ ಉತ್ತರ. ಅಮ್ಮಾ, ನಿಮ್ಮ ಮನೆಯ ಹಿರಿಯರು ಹೇಳಿದುದರಲ್ಲಿ ಸುಳ್ಳಿನ ಒಂದೆಳೆಯೂ ನಮಗೆ ಕಾಣಲಿಲ್ಲ. ವಿಮಾನದ ಆಕಾರ ಸರಿ, ನೀರಿನ ವಾಸನೆ ಸರಿ, ಅದರ ವಿಷವೂ ಸರಿ, ಯಲಹಂಕವೆಂಬ ಸ್ಥಳವೂ ಸರಿ. ಈ ಪುಟಗಳನ್ನು ಕತ್ತರಿಸಿ ಮಗನ ಕೈಯಲ್ಲಿ ಉಪಾಧ್ಯಾಯರಿಗೆ ಕಳುಹಿಸಿ. ಅವರ ಮೇಲೆ ನಮಗೆ ಕೋಪವಿಲ್ಲ. ಈ ಸಂಗತಿ ಗೊತ್ತಿಲ್ಲದಿದ್ದರೆ ನಾವೂ ಅದೇ ಕೆಂಪು ಗೆರೆಯನ್ನು ಎಳೆಯುತ್ತಿದ್ದೆವೋ ಏನೋ. ಗೆರೆಯನ್ನು ಅಳಿಸಿ ಸಹಿಹಾಕಿದರೆ ನಮಗೊಂದು ಕಾರ್ಡು ಬರೆಯಿರಿ. ಆ ಆಲಿಕೆಯಿಂದ ಸೀಮೆಎಣ್ಣೆ ಹೊಯ್ಯುವುದನ್ನು ಇಂದಿನಿಂದ ನಿಲ್ಲಿಸಿ. ಜಾಲರಿಯ ಒಂದು ಅಂಚು ಬಿಚ್ಚಿಕೊಳ್ಳುತ್ತಿದ್ದುದನ್ನು ನಾವು ಅಂದೇ ಕಂಡೆವು. ಹುಣಸೂರಿನಲ್ಲಿ ಹಿತ್ತಾಳೆಯ ಬೆಸುಗೆ ಚೆನ್ನಾಗಿ ಮಾಡುವವರಿದ್ದಾರೆ. ಬೆಸುಗೆಯಾದ ಮೇಲೆ ಅದನ್ನು ಹುಡುಗನಿಗೇ ಕೊಟ್ಟುಬಿಡಿ.